ಕಡತ ಮಾತ್ರ ಹತ್ತಬಲ್ಲ ಇಳಿಜಾರು

ಸರ್ಕಾರಿ ಕಚೇರಿಗಳ ಮೆಟ್ಟಿಲುಗಳ ಪಕ್ಕದಲ್ಲಿ ಕಾಣುವ ಸಿಮೆಂಟಿನ ಇಳಿಜಾರನ್ನು ಗಾಲಿಕುರ್ಚಿಯಲ್ಲಿ ಬರುವವರಿಗಾಗಿ ಕಟ್ಟಲಾಗಿದೆ ಎಂದು ಯಾರಾದರೂ ನಂಬಿದ್ದರೆ ಅದು ಅವರ ಮುಗ್ಧತೆ. ಅದು ಇರುವುದು ಕಡತಕ್ಕಾಗಿ. ‘ರ‍್ಯಾಂಪ್ ಇದೆಯೇ?’ ಎಂಬ ಕಾಲಂನ ಮುಂದೆ ‘ಇದೆ’ ಎಂದು ಬರೆಯಬೇಕಾದರೆ ಸ್ಥಳದಲ್ಲಿ ರ‍್ಯಾಂಪ್ ಎಂಬುದೊಂದು ಇರಲೇಬೇಕಲ್ಲ. ಅದನ್ನು ಯಾರಾದರೂ ಹತ್ತಿದ್ದಾರೆಯೇ ಎಂದು ಕೇಳುವಷ್ಟು ಕುತೂಹಲ ಯಾವ ನಮೂನೆಗೂ ಇರುವುದಿಲ್ಲ.

ಲೆಕ್ಕವೇನೂ ಕಠಿಣವಲ್ಲ. ಒಂದು ಅಡಿ ಎತ್ತರ ಏರಲು ಇಳಿಜಾರು ಕನಿಷ್ಠ ಹನ್ನೆರಡು ಅಡಿ ಉದ್ದವಿರಬೇಕು. ಆರಾರು ಇಂಚಿನ ಮೂರು ಮೆಟ್ಟಿಲುಗಳೆಂದರೆ ಒಂದೂವರೆ ಅಡಿ, ಅದಕ್ಕೆ 18 ಅಡಿ ಇಳಿಜಾರು; ಜೊತೆಗೆ ಎರಡೂ ಬದಿಗೆ ಹಿಡಿಕಂಬಿ, ಮೇಲೂ ಕೆಳಗೂ ಕುರ್ಚಿ ತಿರುಗಿಸುವಷ್ಟು ಸಮತಟ್ಟಾದ ಜಾಗ. ಆದರೆ 18 ಅಡಿ ಬಿಟ್ಟುಕೊಟ್ಟರೆ ಸಾಹೇಬರ ಜೀಪು ಎಲ್ಲಿ ನಿಲ್ಲಬೇಕು? ಈ ಘನವಾದ ಪ್ರಶ್ನೆಗೆ ತಲೆಬಾಗಿ ಗುತ್ತಿಗೆದಾರರು ಐದೇ ಅಡಿಯಲ್ಲಿ ಕೆಲಸ ಮುಗಿಸುತ್ತಾರೆ, ನೋಡಲು ಚೆಂದವಿರಲೆಂದು ಅದಕ್ಕೆ ಮುಖ ಕಾಣುವಷ್ಟು ನುಣುಪಾದ ಗ್ರಾನೈಟನ್ನೂ ಹಾಸುತ್ತಾರೆ. ಇಂಥದ್ದನ್ನು ಏರಲು ಹಿಂದಿನಿಂದ ಇಬ್ಬರು ತಳ್ಳಬೇಕು. ಇಳಿಯಲು ಯಾರ ನೆರವೂ ಬೇಡ. ಕುರ್ಚಿ ತಾನಾಗಿಯೇ ಗೇಟು ದಾಟಿ ಬಸ್ ನಿಲ್ದಾಣದವರೆಗೂ ಬಿಡುತ್ತದೆ. ಉಳಿದ ದಿನಗಳಲ್ಲಿ ಸಿಬ್ಬಂದಿಯ ದ್ವಿಚಕ್ರ ವಾಹನಗಳು ಮಳೆಯಲ್ಲಿ ನೆನೆಯದಂತೆ ವರಾಂಡ ಸೇರಲು ಇದೇ ದಾರಿಯಾಗಿರುವುದರಿಂದ, ಯೋಜನೆಗೆ ಫಲಾನುಭವಿಗಳೇ ಇಲ್ಲವೆಂದು ಹೇಳುವಂತೆಯೂ ಇಲ್ಲ.

ಒಳಗೆ ಗಾಲಿಕುರ್ಚಿಯ ಚಿತ್ರವಿರುವ ಶೌಚಾಲಯವೂ ಇರುತ್ತದೆ, ಬೀಗ ಹಾಕಿಕೊಂಡು. ಬೀಗದ ಕೈ ಯಾರ ಬಳಿಯಿದೆಯೋ ಅವರು ಅಂದು ರಜೆ. ಎಂದಾದರೂ ಬಾಗಿಲು ತೆರೆದರೆ ಪೊರಕೆಗಳು, ಫಿನಾಯಿಲ್ ಕ್ಯಾನುಗಳು, ಕಾಲು ಮುರಿದ ಕುರ್ಚಿಗಳು ಕಣ್ಣಿಗೆ ಬೀಳುತ್ತವೆ. ಕಾಲು ಮುರಿದ ಕುರ್ಚಿಗಳಿಗಾದರೂ ಅಲ್ಲಿ ಪ್ರವೇಶ ಸಿಕ್ಕಿದೆ ಎಂಬುದು ಸಮಾಧಾನದ ವಿಷಯ.

ಕಾನೂನು ಇಲ್ಲವೆಂದು ಯಾರೂ ದೂರುವಂತಿಲ್ಲ. 1995ರಲ್ಲಿ ಒಂದು ಕಾಯ್ದೆ ಬಂತು. ಅದು ಸಾಲದೆಂದು 2016ರಲ್ಲಿ ವಿಕಲಚೇತನರ ಹಕ್ಕುಗಳ ಕಾಯ್ದೆ ಬಂತು. ಅದರ ನಿಯಮಗಳು 2017ರ ಜೂನ್‌ನಲ್ಲಿ ಹೊರಬಿದ್ದ ದಿನದಿಂದ ಐದು ವರ್ಷದೊಳಗೆ ಈಗಾಗಲೇ ಇರುವ ಸಾರ್ವಜನಿಕ ಕಟ್ಟಡಗಳೆಲ್ಲವೂ ಎಲ್ಲರಿಗೂ ಸುಗಮವಾಗಬೇಕೆಂದು ವಿಧಿಸಿತು. 2022ರ ಜೂನ್ ಬಂತು, ಹೋಯಿತು. ಮೆಟ್ಟಿಲುಗಳು ಮಾತ್ರ ಕದಲಲಿಲ್ಲ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಆ ನಿಯಮಗಳನ್ನು ಓದಿ, ಇವು ಪಾಲಿಸಲೇಬೇಕಾದ ಕಟ್ಟಳೆಗಳಲ್ಲ, ಬರೀ ಸಲಹೆಗಳಂತಿವೆ ಎಂದು ಹೇಳಿ, ಕಡ್ಡಾಯ ನಿಯಮಗಳನ್ನು ರೂಪಿಸಲು ಕೇಂದ್ರಕ್ಕೆ ಮೂರು ತಿಂಗಳ ಗಡುವು ಕೊಟ್ಟಿತು. ಏಳು ವರ್ಷ ಕಾಲ ಎಲ್ಲರೂ ಸೇರಿ ಉಲ್ಲಂಘಿಸಿದ್ದು ಬರೀ ಸಲಹೆಯನ್ನು ಎಂದು ತಿಳಿದಾಗ ಎಷ್ಟು ಅಧಿಕಾರಿಗಳು ನಿಟ್ಟುಸಿರು ಬಿಟ್ಟಿರಬೇಡ! ಕಾಯ್ದೆ ಮುರಿದವರಿಗೆ ದಂಡವೂ ಇದೆ: ಮೊದಲ ತಪ್ಪಿಗೆ ಹೆಚ್ಚೆಂದರೆ 10,000 ರೂಪಾಯಿ. ಗ್ರಾನೈಟಿಗೆ ಅದಕ್ಕಿಂತ ಹೆಚ್ಚು ಖರ್ಚಾಗಿರುತ್ತದೆ.

ಖಾಸಗಿಯವರೂ ಹಿಂದೆ ಬಿದ್ದಿಲ್ಲ. ಪ್ರವೇಶ ಸೌಕರ್ಯದ ಮಾನದಂಡ ಪಾಲಿಸದ ಕಟ್ಟಡಕ್ಕೆ ಸ್ವಾಧೀನಾನುಭವ ಪತ್ರ, ಅಂದರೆ ಅದನ್ನು ಬಳಸಲು ಬೇಕಾದ ಅನುಮತಿ, ಕೊಡಕೂಡದೆಂದು ಇದೇ ಕಾಯ್ದೆ ಹೇಳುತ್ತದೆ. ಆದರೂ ವಾಸ್ತುವಿಗೆಂದು ನಾಲ್ಕು, ಮಳೆನೀರಿಗೆಂದು ಮೂರು ಮೆಟ್ಟಿಲು ಏರಿಸಿಕೊಂಡ ಜವಳಿ ಅಂಗಡಿಗಳು ಝಗಮಗಿಸುತ್ತಲೇ ಇರುತ್ತವೆ. ಅಲ್ಲಿ ವಿನಯಕ್ಕೇನೂ ಬರವಿಲ್ಲ. “ಅಮ್ಮಾ, ನೀವೇನೂ ಯೋಚನೆ ಮಾಡಬೇಡಿ, ನಮ್ಮ ಹುಡುಗರು ಕುರ್ಚಿ ಸಮೇತ ಎತ್ತಿಕೊಂಡು ಬರ್ತಾರೆ” ಎನ್ನುತ್ತಾರೆ ಮಾಲೀಕರು. ನಾಲ್ವರ ಹೆಗಲೇರುವ ಗೌರವ ಉಳಿದವರಿಗೆಲ್ಲ ಜೀವ ಹೋದಮೇಲೆ ಒಮ್ಮೆ ಮಾತ್ರ ಸಿಗುತ್ತದೆ. ಗಾಲಿಕುರ್ಚಿಯವರಿಗೆ ಅದು ಸೀರೆ ಕೊಳ್ಳಲು ಹೋದಾಗಲೂ ಲಭ್ಯ.

ಇಷ್ಟೆಲ್ಲ ಸಾಧನೆಯನ್ನು ಡಿಸೆಂಬರ್ 3ರಂದು, ಅಂದರೆ ವಿಶ್ವ ಅಂಗವಿಕಲರ ದಿನದಂದು, ಸಂಭ್ರಮದಿಂದ ನೆನೆಯಲಾಗುತ್ತದೆ. ಕಟ್ಟಡಗಳನ್ನು ಅಂಗವಿಕಲರಿಗೆ ಸುಗಮವಾಗಿಸಲೆಂದು ಕೇಂದ್ರ ಸರ್ಕಾರ ಕೈಗೊಂಡ ‘ಸುಗಮ್ಯ ಭಾರತ ಅಭಿಯಾನ’ ಶುರುವಾದದ್ದೂ 2015ರ ಇದೇ ದಿನ. ಶಾಮಿಯಾನದ ವೇದಿಕೆಗೆ ಮರದ ಮೆಟ್ಟಿಲುಗಳಷ್ಟೇ ಇರುವುದರಿಂದ ಸನ್ಮಾನಿತರನ್ನು ಕೆಳಗಿನ ಸಾಲಿನಲ್ಲೇ ಉಳಿಸಿ, ಹಾರ ಮತ್ತು ಶಾಲು ಹಿಡಿದು ಗಣ್ಯರೇ ಕೆಳಗಿಳಿದು ಬರುತ್ತಾರೆ. ಹೀಗೆ ಇಳಿದು ಬಂದದ್ದು ಅವರ ಸರಳತೆಗೆ ಸಾಕ್ಷಿಯೆಂದು ನಿರೂಪಕರು ಮೈಕಿನಲ್ಲಿ ಎರಡು ಸಲ ಸಾರುತ್ತಾರೆ.