ಮುಚ್ಚಳ ಎತ್ತಬೇಡ ಮಾರಾಯ

ವಿಯೆಟ್ನಾಂನ ಹನೋಯ್‌ಗೆ ಅಧ್ಯಯನ ಪ್ರವಾಸ ಹೊರಟ ನಮ್ಮ ಕಡೆಯ ವಿದ್ಯಾರ್ಥಿಗಳಿಗೆ ಎಲ್ಲಾ ಎಚ್ಚರಿಕೆಯನ್ನೂ ಕೊಟ್ಟೇ ಕಳಿಸುತ್ತಾರೆ. ಅಲ್ಲಿ ವಾಹನ ಬಲಗಡೆ ಓಡುತ್ತವೆ, ರಸ್ತೆ ದಾಟುವಾಗ ಮೊದಲು ಎಡಕ್ಕೆ ನೋಡಿ, ನಡುವೆ ನಿಲ್ಲಬೇಡಿ, ಓಡಬೇಡಿ. 20 ಸಾವಿರ ಡಾಂಗ್ ನೋಟೂ ನೀಲಿ, 5 ಲಕ್ಷದ ನೋಟೂ ನೀಲಿ, ಸೊನ್ನೆ ಎಣಿಸಿ ಕೊಡಿ. ಚಾಪ್‌ಸ್ಟಿಕ್ಕನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಬೇಡಿ, ಸತ್ತವರಿಗೆ ಹಚ್ಚಿಟ್ಟ ಊದುಬತ್ತಿ ನೆನಪಾಗುತ್ತದೆ. ಸಸ್ಯಾಹಾರಿಗಳು ‘ಚಯ್’ ಎಂಬ ಬೋರ್ಡು ಹುಡುಕಿ, ಉಳಿದ ಕಡೆ ಸೊಪ್ಪಿನ ಪಲ್ಯಕ್ಕೂ ಮೀನಿನ ಸಾಸ್ ಬಿದ್ದಿರಬಹುದು. ಎಲ್ಲಾ ಸರಿ. ಕಾಫಿ ಬಗ್ಗೆ ಮಾತ್ರ ಒಬ್ಬರೂ ತುಟಿ ಪಿಟಕ್ಕೆನ್ನುವುದಿಲ್ಲ. ಕನ್ನಡದವರಿಗೆ ಕಾಫಿ ಕುಡಿಯೋದು ಹೇಳಿಕೊಡಬೇಕಾ ಎಂಬ ಧೈರ್ಯ. ರಗಳೆ ಶುರುವಾಗುವುದೇ ಅಲ್ಲಿ.

ಅಲ್ಲಿಯ ಫಿಲ್ಟರಿನ ಹೆಸರು ಫಿನ್. ಇರುವುದು ನಾಲ್ಕೇ ಭಾಗ: ಲೋಟದ ಬಾಯಿ ಮೇಲೆ ಕೂರುವ ತಟ್ಟೆ, ತಳದಲ್ಲಿ ಸಣ್ಣ ತೂತುಗಳಿರುವ ಪುಟ್ಟ ಬಟ್ಟಲು, ಪುಡಿಯ ಮೇಲೆ ಕೂರುವ ತೂತಿನ ಬಿಲ್ಲೆ, ಒಂದು ಮುಚ್ಚಳ. ಗಾಜಿನ ಲೋಟದ ತಳಕ್ಕೆ ಎರಡು ಚಮಚ ಕಂಡೆನ್ಸ್ಡ್ ಮಿಲ್ಕ್. ಬಟ್ಟಲಿಗೆ 15ರಿಂದ 20 ಗ್ರಾಂ ಪುಡಿ, ಮೇಲೆ ಬಿಲ್ಲೆ. ಬಿಸಿನೀರು ಮೊದಲು ಎರಡೇ ಚಮಚ. ಪುಡಿ ನೆನೆದು ಉಬ್ಬಲು ಅರ್ಧ ನಿಮಿಷ ಬಿಡಬೇಕು. ಆಮೇಲೆ ಬಟ್ಟಲು ತುಂಬ ನೀರು ಹಾಕಿ ಮುಚ್ಚಳ ಮುಚ್ಚಿದರೆ ನಾಲ್ಕೈದು ನಿಮಿಷಕ್ಕೆ ಕಾಫಿ ಇಳಿಯುತ್ತದೆ. ಅಷ್ಟು ಹೊತ್ತು ಕುಡಿಯುವವನು ಮಾಡಬೇಕಾದ್ದು ಒಂದೇ. ಕೈ ಕಟ್ಟಿಕೊಂಡು ಕೂರುವುದು.

ಆಗುವುದಿಲ್ಲ. ಪ್ರತಿ ತಂಡದಲ್ಲೂ ಅವನೊಬ್ಬ ಇರುತ್ತಾನೆ. ಅಜ್ಜನ ಮನೆ ಚಿಕ್ಕಮಗಳೂರಿನ ಕಡೆ, ಎರಡೆಕರೆ ತೋಟವಿದೆ, ಆದ್ದರಿಂದ ಕಾಫಿಯ ವಿಷಯದಲ್ಲಿ ಅವನದೇ ಕೊನೆ ಮಾತು. ಏಳಕ್ಕೆ ಕ್ಲಾಸು, ಆರೂ ಮುಕ್ಕಾಲಿಗೆ ಮಂಡಿ ಗಲ್ಲಕ್ಕೆ ತಾಗುವಷ್ಟು ಗಿಡ್ಡ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಫಿನ್ ತರಿಸಿಕೊಳ್ಳುತ್ತಾನೆ. ಹತ್ತು ಸೆಕೆಂಡಿಗೆ ಮುಚ್ಚಳ ಎತ್ತಿ ಒಳಗೆ ಇಣುಕುತ್ತಾನೆ. ಒಳಗೆ ಏನಿರುತ್ತೆ? ನೀರು. ಮುಚ್ಚುತ್ತಾನೆ. ಮತ್ತೆ ಎತ್ತುತ್ತಾನೆ. ನೀರಿನ ಬಿಸಿ ಹೀಗೇ ಹಾರಿಹೋಗಿ ಕಾಫಿ ಹುಳಿಹುಳಿಯಾಗಿ ಇಳಿಯುತ್ತದೆ, ಅದು ಅವನ ಗಮನಕ್ಕೆ ಬರುವುದಿಲ್ಲ. ಮುಂದೆ ಫಿನ್ನನ್ನೇ ಎತ್ತಿ ತಳ ನೋಡುತ್ತಾನೆ. ನಾಲ್ಕು ತೊಟ್ಟು ಪಕ್ಕದವಳ ನೋಟ್ಸ್ ಮೇಲೆ.

“ಇಳೀತಾನೇ ಇಲ್ಲ ಕಣೋ ಮಗಾ” ಎಂದು ಎರಡನೇ ಅಂಕಕ್ಕೆ ಕೈ ಹಾಕುತ್ತಾನೆ. ಬಿಲ್ಲೆಯಲ್ಲಿ ಎರಡು ಬಗೆ, ಸುಮ್ಮನೆ ತನ್ನ ಭಾರಕ್ಕೆ ಕೂರುವುದೊಂದು, ತಿರುಪಿನಿಂದ ಬಿಗಿ ಮಾಡುವುದೊಂದು. ಇವನ ಕೈಗೆ ತಿರುಪಿನದೇ ಸಿಗಬೇಕೇ! ಒಂದು ಸುತ್ತು ಬಿಗಿ ಮಾಡುತ್ತಾನೆ. ಪುಡಿ ಗಟ್ಟಿಯಾಗಿ ಕೂತು ನೀರಿಗೆ ದಾರಿಯೇ ಇಲ್ಲ, ತೊಟ್ಟು ಪೂರ್ತಿ ನಿಂತಿತು. ಗಾಬರಿಯಾಗಿ ಮೂರು ಸುತ್ತು ಸಡಿಲಿಸುತ್ತಾನೆ. ಈಗ ನೀರು ಪುಡಿಯನ್ನು ಮಾತಾಡಿಸದೆ ಸರ್ರನೆ ಇಳಿದು ಕಂಡೆನ್ಸ್ಡ್ ಮಿಲ್ಕಿನ ಮೇಲೆ ಕಂದುಬಣ್ಣದ ಬಿಸಿನೀರು ನಿಲ್ಲುತ್ತದೆ. ರಿಪೇರಿಗೆಂದು ಚಮಚದಲ್ಲಿ ಪುಡಿ ಕಲಕುತ್ತಾನೆ, ನುಣ್ಣನೆಯ ಪುಡಿಯೆಲ್ಲ ಲೋಟಕ್ಕೆ. ಕೊನೆಗೆ ಸುಡುವ ಫಿನ್ ಬೆರಳಲ್ಲಿ ಹಿಡಿದು ಎಲ್ಲಿಡಲಿ ಎಂದು ಸುತ್ತ ನೋಡುತ್ತಾನೆ. ಇಡುವ ಜಾಗ ಅವನ ಹತ್ತಿರವೇ ಇತ್ತು: ಮುಚ್ಚಳವನ್ನು ಮಗುಚಿ ಮೇಜಿನ ಮೇಲಿಟ್ಟರೆ ಅದೇ ತಟ್ಟೆ, ಸೋರಿದ್ದು ಅದರಲ್ಲೇ ನಿಲ್ಲುತ್ತದೆ. ಮುಚ್ಚಳ ಸ್ಟೂಲಿನ ಕೆಳಗೆ ಬಿದ್ದಿದೆ.

ಇಷ್ಟಾದ ಮೇಲೆ ತೀರ್ಪು: “ಇವ್ರಿಗೆ ಕಾಫಿ ಮಾಡಕ್ಕೆ ಬರಲ್ಲ.” ಬ್ರೆಜಿಲ್ ಬಿಟ್ಟರೆ ಜಗತ್ತಿನಲ್ಲೇ ಹೆಚ್ಚು ಕಾಫಿ ಬೆಳೆಯುವ, ರೊಬಸ್ಟಾ ಬಗೆಯ ಕಾಫಿಯಲ್ಲಂತೂ ಮೊದಲ ಸ್ಥಾನದಲ್ಲಿರುವ ದೇಶದ ಫುಟ್‌ಪಾತಿನಲ್ಲಿ ಕೂತು! ಕೇಳಿಸಿಕೊಂಡ ಅಂಗಡಿಯಾಕೆಗೆ ಕನ್ನಡ ಬರುವುದಿಲ್ಲ, ಪುಣ್ಯ.

ಪಶ್ಚಾತ್ತಾಪವೆಂದೋ ಹಟವೆಂದೋ ಇನ್ನೊಂದು ಲೋಟ ಹೇಳುತ್ತಾನೆ. ರೊಬಸ್ಟಾದಲ್ಲಿ ಅರಾಬಿಕಾಕ್ಕಿಂತ ಸುಮಾರು ಎರಡು ಪಟ್ಟು ಕೆಫೀನ್ ಇದೆ, ಜೊತೆಗೆ ನಮ್ಮ ಹಾಗೆ ಅರ್ಧ ಲೋಟ ಹಾಲು ಬೆರೆಯುವುದೂ ಇಲ್ಲ. ಇದರ ಫಲ ಮಧ್ಯಾಹ್ನ ಕಾಣುತ್ತದೆ. ಊಟವಾದ ಮೇಲೆ ಅಲ್ಲಿಯವರು ದೀಪ ಆರಿಸಿ, ಚಾಪೆ ಹಾಸಿ, ಆಫೀಸಿನಲ್ಲೇ ಆಗಲಿ ತರಗತಿಯಲ್ಲೇ ಆಗಲಿ ಸಣ್ಣ ನಿದ್ದೆ ತೆಗೆಯುತ್ತಾರೆ. ಆತಿಥ್ಯ ವಹಿಸಿದ ಹುಡುಗರು ಸಾಲಾಗಿ ಮಲಗಿರುತ್ತಾರೆ. ನಮ್ಮವನೊಬ್ಬ ಕಾಲು ಅಲ್ಲಾಡಿಸುತ್ತಾ, ಎಚ್ಚರವಿರುವವರು ಯಾರಾದರೂ ಸಿಕ್ಕಾರೆಯೇ ಎಂದು ಕತ್ತಲಲ್ಲಿ ಕಣ್ಣು ಹಾಯಿಸುತ್ತಿರುತ್ತಾನೆ.

ಬೈದು ಏನು ಪ್ರಯೋಜನ. ಪಕ್ಕದ ಸ್ಟೂಲಿನ ತಾತ ಆ ಐದು ನಿಮಿಷ ತಮ್ಮ ಲೋಟದ ಕಡೆ ಕಣ್ಣೂ ಹಾಯಿಸದೆ ರಸ್ತೆ ನೋಡುತ್ತಿರುತ್ತಾರೆ. ನಮ್ಮ ಮನೆಗಳಲ್ಲೂ ಡಿಕಾಕ್ಷನ್ ತೊಟ್ಟು ತೊಟ್ಟಾಗಿಯೇ ಇಳಿಯುತ್ತದೆ, ಇದಕ್ಕಿಂತ ನಿಧಾನವಾಗಿ. ಆದರೆ ರಾತ್ರಿ ಅಡುಗೆಮನೆ ಒರೆಸಿ, ಫಿಲ್ಟರಿಗೆ ನೀರು ಹಾಕಿಟ್ಟು ಮಲಗಿದ್ದು ಅಮ್ಮ. ಬೆಳಿಗ್ಗೆ ಹಾಸಿಗೆಯಿಂದಲೇ “ಕಾಫಿ” ಎಂದು ಕೂಗಿದವನಿಗೆ ಕಾಫಿ ಇಳಿಯಲು ಹೊತ್ತು ಬೇಕೆಂಬುದು ಗೊತ್ತಾಗುವುದಾದರೂ ಹೇಗೆ? ಕಾದದ್ದೆಲ್ಲ ಅಮ್ಮನೇ.

ಇಂಥವನಿಗೆ ಮೊಟ್ಟೆ ಕಾಫಿ ವಾಸಿ. 1946ರಲ್ಲಿ ಹಾಲಿಗೆ ಬರ ಬಂದಾಗ ಹನೋಯ್‌ನ ನ್ಗುಯೆನ್ ವಾನ್ ಜಾಂಗ್ ಹಳದಿ ಭಾಗವನ್ನು ಸಕ್ಕರೆ ಹಾಕಿ ನೊರೆಬರಿಸಿ ಕಾಫಿ ಮೇಲೆ ಸುರಿದರು. ಈ ಕಾಫಿಯ ಕಪ್ ಬಿಸಿನೀರಿನ ಬಟ್ಟಲಲ್ಲಿ ಕೂತು ಬರುತ್ತದೆ, ಎತ್ತಿ ನೋಡಲು ಮುಚ್ಚಳವಿಲ್ಲ. ಮೊಟ್ಟೆ ತಿನ್ನದವನಾದರೆ, ಬೆಳಗಿನ ಜಾವವೇ ಇಳಿಸಿ ಬಾಟಲಿಗೆ ತುಂಬಿಟ್ಟು ಐಸಿನ ಮೇಲೆ ಸುರಿದುಕೊಡುವ ಬೀದಿ ಅಂಗಡಿಗಳಿವೆ, ಅರ್ಧ ನಿಮಿಷದ ಕೆಲಸ. ಅಲ್ಲಿಗೂ ಕರೆದುಕೊಂಡು ಹೋಗಿ ನೋಡಿ. ಲೋಟ ತಿರುಗಿಸಿ ತಿರುಗಿಸಿ ನೋಡಿ, “ಬಾಟ್ಲಿದು ಕೊಟ್ಬಿಟ್ರಲ್ಲೋ, ಫಿನ್ನೇ ಇಲ್ಲ, ಮೋಸ” ಅನ್ನುತ್ತಾನೆ.