22 ಅಕ್ಷರದ ಪಾಸ್‌ವರ್ಡ್ ಇದ್ದರೂ ಹೋಯಿತು

ಗೆಳೆಯನೊಬ್ಬನ ಇಮೇಲ್ ಖಾತೆ ಕಳುವಾಯಿತು. ಸುದ್ದಿ ಕೇಳಿದವರೆಲ್ಲ ಮೊದಲು ಕೇಳಿದ್ದು, "ಪಾಸ್‌ವರ್ಡ್ ಏನಿಟ್ಟಿದ್ದೆ, ಹುಟ್ಟಿದ ದಿನಾಂಕನಾ?" ಅಂತ. ಅಲ್ಲ ಮಾರಾಯ್ರೇ, 22 ಅಕ್ಷರದ್ದು. ಒಟಿಪಿ ಕೂಡ ಇತ್ತು.

ಅವನು ವಿಡಿಯೊ ಎಡಿಟಿಂಗ್ ಸಾಫ್ಟ್‌ವೇರೊಂದರ ಕ್ರ್ಯಾಕ್, ಅಂದರೆ ದುಡ್ಡು ಕೊಡದೆ ಬಳಸುವ ಕಳ್ಳ ಪ್ರತಿ, ಇಳಿಸಿಕೊಂಡಿದ್ದ. ಜೊತೆಗೆ ಬಂದ ಟೆಕ್ಸ್ಟ್ ಫೈಲಿನಲ್ಲಿ 'ಮೊದಲು ಆಂಟಿವೈರಸ್ ಆಫ್ ಮಾಡಿ' ಅಂತಿತ್ತು. ಮಾಡಿದ. ಡಬಲ್ ಕ್ಲಿಕ್ ಮಾಡಿದರೆ ಪರದೆಯ ಮೇಲೆ ಏನೂ ಬರಲಿಲ್ಲ. ಫೈಲ್ ಕೆಟ್ಟಿರಬೇಕು ಅಂದುಕೊಂಡು ಮಲಗಿಬಿಟ್ಟ. ಅದರೊಳಗಿದ್ದದ್ದು ಪಾಸ್‌ವರ್ಡ್ ಕದಿಯುವ ಕುತಂತ್ರಾಂಶ.

ಕ್ರೋಮ್ ಬ್ರೌಸರ್ ತಾನು ಉಳಿಸಿಕೊಂಡ ನಮ್ಮ ಪಾಸ್‌ವರ್ಡ್‌ಗಳನ್ನು ಬರೀ ಅಕ್ಷರಗಳಾಗಿ ಬಿಟ್ಟಿರುವುದಿಲ್ಲ, 'ಲಾಗಿನ್ ಡೇಟಾ' ಅನ್ನುವ ಫೈಲಿನಲ್ಲಿ ಎನ್‌ಕ್ರಿಪ್ಟ್ ಮಾಡಿಯೇ, ಅಂದರೆ ಕೀಲಿಯಿಲ್ಲದೆ ಓದಲಾಗದ ಗುಪ್ತಲಿಪಿಯಾಗಿಸಿಯೇ, ಇಡುತ್ತದೆ. ಬೀಗ ಗಟ್ಟಿಯೇ. ಆದರೆ ವಿಂಡೋಸ್‌ನಲ್ಲಿ ಬಹುಕಾಲ ಅದರ ಕೀಲಿ ಇದ್ದದ್ದು ಲಾಗಿನ್ ಆಗಿರುವ ಬಳಕೆದಾರನ ಹೆಸರಲ್ಲಿ. ನಾವೇ ಓಡಿಸಿದ ಪ್ರೋಗ್ರಾಂ ನಮ್ಮ ಹೆಸರು ಹೇಳಿ ಕೀಲಿ ಕೇಳಿದರೆ ವಿಂಡೋಸ್ ಕೊಟ್ಟುಬಿಡುತ್ತಿತ್ತು. ಆಮೇಲೆ ಸೈಟಿನ ವಿಳಾಸ, ಯೂಸರ್‌ನೇಮ್, ಪಾಸ್‌ವರ್ಡ್ ಸಾಲುಸಾಲಾಗಿ ಒಂದು ಟೆಕ್ಸ್ಟ್ ಫೈಲಿಗೆ ಇಳಿಯುತ್ತವೆ. ಅಲ್ಲಿ 6 ಅಕ್ಷರವೂ ಒಂದೇ, 22 ಅಕ್ಷರವೂ ಒಂದೇ. 2024ರ ಜುಲೈನಲ್ಲಿ ಗೂಗಲ್ ಸಂಸ್ಥೆ ಕ್ರೋಮ್‌ನ 127ನೇ ಆವೃತ್ತಿಯಲ್ಲಿ, ಮೊದಲು ಕುಕೀಗಳಿಗೆ (ಸೈಟುಗಳು ಬ್ರೌಸರಿನಲ್ಲಿ ಇಡುವ ಪುಟ್ಟ ಗುರುತಿನ ದಾಖಲೆಗಳಿಗೆ), ಕೀಲಿಯನ್ನು ಬ್ರೌಸರಿಗೇ ಕಟ್ಟಿಹಾಕುವ ವ್ಯವಸ್ಥೆ ತಂದಿತು. ಕೆಲವೇ ವಾರಗಳಲ್ಲಿ ಕಳ್ಳರು ಅದಕ್ಕೂ ದಾರಿ ಹುಡುಕಿಕೊಂಡರು.

ಒಟಿಪಿ ಯಾಕೆ ಕಾಯಲಿಲ್ಲ ಅಂದರೆ ಕಾರಣ ಕುಕೀ. 'ಇವನು ಆಗಲೇ ಒಳಗೆ ಬಂದವನು' ಅನ್ನುವ ಚೀಟಿ ಅದು. ಚೀಟಿಯೇ ಕೈಯಲ್ಲಿದ್ದರೆ ಬಾಗಿಲಲ್ಲಿ ತಡೆಯುವವರು ಯಾರು?

ನನಗೆ ನಿಜವಾಗಿ ಸಂಕಟವಾಗಿದ್ದು ಮುಂದಿನ ಕಥೆ. ಅಪರಿಚಿತ ಲಾಗಿನ್ ಎಚ್ಚರಿಕೆ ಬಂದಾಗ ನಾಚಿಕೆಯಿಂದ ಅವನು ಯಾರಿಗೂ ಹೇಳಲಿಲ್ಲ. ಅದೇ ಲ್ಯಾಪ್‌ಟಾಪಿನಲ್ಲಿ ಪಾಸ್‌ವರ್ಡ್ ಬದಲಿಸಿದ. ಕಳ್ಳ ಇನ್ನೂ ಒಳಗೇ ಕೂತಿದ್ದ, ಹೊಸದೂ ಹೋಯಿತು. ಮೂರನೇ ದಿನ ಇಮೇಲ್ ಕೈತಪ್ಪಿತು.

ಮೈಕ್ರೋಸಾಫ್ಟ್ ಲೆಕ್ಕದಂತೆ, 2025ರ ಮಾರ್ಚ್ ಮಧ್ಯದಿಂದ ಎರಡೇ ತಿಂಗಳಲ್ಲಿ 'ಲುಮ್ಮಾ' ಅನ್ನುವ ಇಂಥ ಒಂದೇ ಕುತಂತ್ರಾಂಶ 3,94,000ಕ್ಕೂ ಹೆಚ್ಚು ವಿಂಡೋಸ್ ಕಂಪ್ಯೂಟರ್‌ಗಳಿಗೆ ಹೊಕ್ಕಿತ್ತು. ಅಷ್ಟೂ ಜನ ದಡ್ಡರೇ? ಬೈಯಬೇಡಿ ದಯವಿಟ್ಟು. ಬೈದರೆ ಜನ ಮುಚ್ಚಿಡುತ್ತಾರೆ.

ನಾನಂತೂ ಮುಖ್ಯ ಇಮೇಲ್ ಮತ್ತು ಬ್ಯಾಂಕಿನ ಪಾಸ್‌ವರ್ಡ್‌ಗಳನ್ನು ಬ್ರೌಸರಿನಿಂದ ಅಳಿಸಿ, ಪಾಸ್‌ವರ್ಡ್‌ಗಳನ್ನು ಬೀಗ ಹಾಕಿ ಇಡುವ ಪ್ರತ್ಯೇಕ ಆ್ಯಪ್‌ಗೆ, ಅಂದರೆ ಪಾಸ್‌ವರ್ಡ್ ಮ್ಯಾನೇಜರಿಗೆ, ಹಾಕಿದ್ದೇನೆ. ಸೋಂಕು ತಗುಲಿದ ಕಂಪ್ಯೂಟರಿನಲ್ಲಿ ತೆರೆದರೆ ಅದಕ್ಕೂ ಅಪಾಯ ಇದ್ದೇ ಇದೆ, ಆದರೂ ಒಂದು ಬಾಗಿಲು ಹೆಚ್ಚು.

ನಿಮಗೆ ಹೀಗಾಗಿದ್ದರೆ ಆ ಕಂಪ್ಯೂಟರನ್ನು ಇಂಟರ್ನೆಟ್‌ನಿಂದ ಬಿಡಿಸಿ. ಬೇರೆ ಸಾಧನದಿಂದ ಎಲ್ಲ ಸೆಷನ್‌ಗಳನ್ನೂ (ಖಾತೆ ತೆರೆದಿರುವ ಎಲ್ಲ ಕಡೆಯೂ) ಲಾಗೌಟ್ ಮಾಡಿ, ಪಾಸ್‌ವರ್ಡ್ ಬದಲಿಸಿ, ಇಮೇಲ್‌ನದ್ದು ಮೊದಲು. ಗೊತ್ತಾಗದಿದ್ದರೆ ನನಗೆ ಮೆಸೇಜ್ ಮಾಡಿ, ಕ್ರ್ಯಾಕ್ ಯಾಕೆ ಹಾಕಿದಿರಿ ಅಂತ ಕೇಳುವುದಿಲ್ಲ.