ತಾಲೂಕು ಆಗೇತ್ರೀ, ಬೋರ್ಡ್ ನೋಡ್ರಿ

ನಮ್ಮೂರು ತಾಲೂಕು ಆಗಿ ಏಳೆಂಟು ವರ್ಷ ಆತ್ರಿ. ಖರೇನ ಆಗೇತಿ, ಬೋರ್ಡ್ ಐತಿ. ಊರ ಹೆಸರು ಹೇಳಂಗಿಲ್ಲ, ಯಾಕಂದ್ರ ನಾಳೆ ನನ್ನ ಇನ್‌ಕಮ್ ಸರ್ಟಿಫಿಕೇಟ್ ಅಲ್ಲೇ ಆಗ್ಬೇಕು. ವಿಜಯಪುರ ಜಿಲ್ಲಾ ಅಂತ ಅಷ್ಟ ತಿಳ್ಕೊಳ್ರಿ. 1997ರಾಗ ಬಾಗಲಕೋಟಿ ಬ್ಯಾರೆ ಆದ ಮ್ಯಾಲೆ ನಮಗ ಉಳದಿದ್ದು ವಿಜಯಪುರ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಅಂತ ಐದ ತಾಲೂಕು, ಸಾಲಿ ಹುಡುಗ್ರು ಒಂದ ಕೈಯಾಗ ಎಣಸ್ತಿದ್ರು. ಈಗ ಬಬಲೇಶ್ವರ, ತಿಕೋಟಾ, ಕೊಲ್ಹಾರ, ನಿಡಗುಂದಿ, ತಾಳಿಕೋಟಿ, ಚಡಚಣ, ದೇವರ ಹಿಪ್ಪರಗಿ, ಆಲಮೇಲ... ಎರಡೂ ಕೈ ಸಾಲಂಗಿಲ್ಲ, ಚಪ್ಪಲಿ ಬಿಚ್ಚಿ ಕಾಲಿನ ಬೆರಳಿಗೆ ಹೋಗ್ಬೇಕು. ಇದ್ರಾಗ ನಮ್ಮೂರು ಯಾವ್ದು ಅಂತ ಹುಡುಕೂದು ಯಾರಿಂದಾನೂ ಆಗಂಗಿಲ್ಲ.

ಮತ್ತ ಇದೇನು ಸುಮ್ನ ಬಂದಿದ್ದಲ್ಲ ಮತ್ತ. ವಾಸುದೇವರಾವ್ ಸಮಿತಿ, ಹುಂಡೇಕರ್ ಸಮಿತಿ, ಗದ್ದಿಗೌಡರ್ ಸಮಿತಿ, ಎಂ.ಬಿ. ಪ್ರಕಾಶ್ ಸಮಿತಿ ಅಂತ, ಹೊಸ ತಾಲೂಕು ಎಲ್ಲೆಲ್ಲಿ ಬೇಕು ಅಂತ ನೋಡಾಕ ನಾಕ ಸಮಿತಿ ಕುಂತು ಎದ್ದು ಹೋದ್ವು. 2013ರ ಬಜೆಟ್‌ನಾಗ ಶೆಟ್ಟರ್ ಸಾಹೇಬ್ರು 43 ಹೊಸ ತಾಲೂಕು ಅಂದ್ರು, ನಾವು ಹಲಗಿ ಬಡದು ಗುಲಾಲ ಹಾರಿಸಿ ಪೇಡೆ ಹಂಚಿದ್ವಿ, ಆಮ್ಯಾಲೆ ಸರ್ಕಾರ ಬದಲಾತು, ತಾಲೂಕು ಬರಲಿಲ್ಲ, ಪೇಡೆ ಅಂಗಡಿ ಉದ್ರಿ ಮಾತ್ರ ಉಳೀತು. 2017ರಾಗ ಸಿದ್ದರಾಮಯ್ಯನೋರು 49 ಅಂದ್ರು, ಮತ್ತ ಹಲಗಿ, ಮತ್ತ ಗುಲಾಲ, ಮತ್ತ ಪೇಡೆ. ಒಂದ ಕೂಸಿಗೆ ಎರಡ ಸಲ ತೊಟ್ಲ ಕಾರ್ಯ ಮಾಡಿದ್ದು ನಮ್ಮೂರಾಗ ಅಷ್ಟ ನೋಡ್ರಿ.

ಕೂಸು ಹುಟ್ಟಿತು, ಮನಿ ಎಲ್ಲೈತಿ? ಹಳೇ ಗೋಡೌನ್‌ದಾಗ. ತಹಶೀಲ್ದಾರ್ ಸಾಹೇಬ್ರು ಕುಂದ್ರೂ ಜಾಗಾದಾಗ ಮೊದಲ ಗೊಬ್ಬರದ ಚೀಲ ಇಡ್ತಿದ್ರು, ಮಳಿ ಬಂದ್ರ ಈಗೂ ಸಿಪಾಯಿ ಓಡಿ ಬಂದು ಟೇಬಲ್ ಸರಸ್ತಾನ, ಫೈಲಿನ ಮ್ಯಾಲೆ ತಾಡಪತ್ರಿ ಹಾಕ್ತಾನ. ಬೋರ್ಡ್ ಮಾತ್ರ ಭಾರಿ ಐತ್ರಿ, ರಾತ್ರಿ ಲೈಟ್ ಹತ್ತತೈತಿ.

ಆಡಳಿತ ಜನರ ಮನಿ ಬಾಗಲಿಗೆ ಬರ್ಲಿ ಅಂತ ಅಲ್ಲೇನ್ರಿ ತಾಲೂಕು ಒಡದಿದ್ದು? ಈಗ ಕೇಳ್ರಿ. ಇನ್‌ಕಮ್, ಕಾಸ್ಟ್, ಉತಾರಿ ಇಲ್ಲಿ. ಹೊಲ ಖರೀದಿ ಮಾಡ್ಬೇಕಂದ್ರ ಸಬ್ ರಿಜಿಸ್ಟ್ರಾರ್ ಹಳೇ ತಾಲೂಕಿನ್ಯಾಗ. ಕೋರ್ಟ್ ಅಲ್ಲಿ. ಖಜಾನಿ ಅಲ್ಲಿ. ಮಾಸ್ತರ ಮ್ಯಾಲೆ ಕಂಪ್ಲೇಂಟ್ ಕೊಡ್ಬೇಕಂದ್ರ ಬಿಇಒ ಅಲ್ಲಿ. ಮೊದಲ ಒಂದ ದಿನ ಬುತ್ತಿ ಕಟ್ಕೊಂಡು ಹೋದ್ರ ಎಲ್ಲಾ ಮುಗೀತಿತ್ತು, ಈಗ ಇಲ್ಲೊಂದು ದಿನ ಅಲ್ಲೊಂದು ದಿನ, ನಡುವ ಒಂದು ದಿನ ಸರ್ವರ್ ಡೌನ್. ನಮ್ಮ ಕಾಕಾ ಒಂದು ಉಪಾಯ ಹುಡುಕ್ಯಾನ, ಬಸ್ಸಿನ್ಯಾಗ ಹೆಣ್ಮಕ್ಕಳಿಗೆ ಫ್ರೀ ಆಗೇತಲ್ಲ, ಅದಕ್ಕ ಸರ್ಕಾರಿ ಕೆಲಸ ಎಲ್ಲಾ ಚಿಗವ್ವನ ಮ್ಯಾಲೆ ಹಾಕ್ಯಾನ. ಆಕಿಗೆ ಈಗ ಪಹಣಿ, ಪೋಡಿ, ಹದ್ದಬಸ್ತು ಎಲ್ಲಾ ಬಾಯಿಪಾಠ, ಏಜೆಂಟ್ರ ಆಕಿ ಹತ್ರ ಬಂದು ಕೇಳ್ತಾರ.

ಇನ್ನ ಊರು ಬೆಳದಿದ್ದು. ತಾಲೂಕು ಆಗ್ತೈತಿ ಅಂದ ದಿನಾನ ಎಕರೆ ಲೆಕ್ಕದಾಗ ಇದ್ದ ಹೊಲ ಗುಂಟೆ ಲೆಕ್ಕಕ್ಕ ಬಂತು, ಆಮ್ಯಾಲೆ ಫೂಟಿಗೆ ಬಂತು. ಜ್ವಾಳ ಬೆಳೀತಿದ್ದ ಎರಿ ಹೊಲದಾಗ ಸುಣ್ಣದ ಗೆರಿ ಹೊಡದು ನಾಕ ಕಲ್ಲು ನೆಟ್ಟು 'ನಗರ' ಅಂತ ಹೆಸರಿಟ್ರು. ಎನ್‌ಎ, ಅಂದ್ರ ಹೊಲ ಬಿನ್‌ಶೇತ್ಕಿ ಜಾಗಾ ಅಂತ ಆಗೇತೇನ್ರಿ ಅಂತ ಕೇಳಿದ್ರ 'ಆಗೂದೈತಿ' ಅಂತಾರ, ಗಟಾರ ಅಂದ್ರ ಅದೂ ಆಗೂದೈತಿ, ನೀರು ಅಂದ್ರ ಬೋರ್ ಹಾಕೊಳ್ರಿ ಅಂತಾರ. ಎರಿ ಮಣ್ಣಿನ್ಯಾಗ ಮಳಿಗಾಲಕ್ಕ ಒಂದ ಸಲ ಅಡ್ಡಾಡಿ ಬರ್ರಿ, ಚಪ್ಪಲಿ ಅಲ್ಲೇ ಬಿಟ್ಟು ಬರ್ತೀರಿ. ಎಲ್ಲಾ ಉಳಿತಾಯ ಹಾಕಿ ಪ್ಲಾಟ್ ತಗೊಂಡೋರು ಜಾಗಾದ ಪಂಚಾಯ್ತಿ ದಾಖಲೆ ನಮೂನೆ 9, ನಮೂನೆ 11 ಕೊಡ್ರಿ ಅಂತ ಪಂಚಾಯ್ತಿ ಅಧಿಕಾರಿ ಪಿಡಿಒ ಹತ್ರ ಹೋದ್ರ, ಪಿಡಿಒಗ ಮೂರ ಪಂಚಾಯ್ತಿ ಚಾರ್ಜು, ಸೋಮವಾರ ಒಂದು, ಬುಧವಾರ ಒಂದು, ಉಳದ ದಿನ ಮೀಟಿಂಗ್.

ಮನಿ ಮುಂದ ನಳ ಬಂದೈತಿ, ಅದನ್ನ ಮರೀಬಾರ್ದು. ಜಲಜೀವನ ಮಿಷನ್ ಲೆಕ್ಕದಾಗ ತಲಿಗೆ ದಿನಕ್ಕ 55 ಲೀಟರ್. ಹೋದ ವರ್ಷ ಹಾಕಿದ ಸಿಸಿ ರೋಡ್ ಒಡದು ಪೈಪ್ ಹಾಕ್ಯಾರ. ನಳಕ್ಕ ಈಗ ಎಮ್ಮಿ ಕಟ್ತೀವಿ, ಗಟ್ಟಿ ಐತಿ.

ಇದನ್ನೆಲ್ಲ ಯಾರಿಗೆ ಹೇಳೂದ್ರಿ? ಮೊದಲ ತಾಲೂಕು ಪಂಚಾಯ್ತಿ ಮೆಂಬರ್ ಇದ್ರು, ಕೆಲಸ ಮಾಡ್ಲಿ ಬಿಡ್ಲಿ, ಚಾ ಅಂಗಡಿಯಾಗ ಸಿಕ್ರ ಬೈಯಾಕರ ಬರ್ತಿತ್ತು. ತಾಲೂಕು, ಜಿಲ್ಲಾ ಪಂಚಾಯ್ತಿಗೆ ಕೊನಿ ಸಲ ಓಟ್ ಹಾಕಿದ್ದು 2016ರ ಫೆಬ್ರುವರಿ. 2021ರಾಗ ಅವಧಿ ಮುಗೀತು. ಅವಧಿ ಮುಗಿಯೂದ್ರೊಳಗ ಚುನಾವಣಿ ಮುಗಸ್ಬೇಕು ಅಂತ ಸಂವಿಧಾನದ 243ಇ ಹೇಳತೈತಿ, ಆದ್ರ ಅದೇನು ಸಂವಿಧಾನ, ತಹಶೀಲ್ದಾರ್ ನೋಟಿಸ್ ಅಲ್ಲಲ್ಲ. ಕ್ಷೇತ್ರ ಹಂಚೂ ಅಧಿಕಾರ ಚುನಾವಣಾ ಆಯೋಗದಿಂದ ಕಸ್ಗೊಂಡು ಬ್ಯಾರೆ ಆಯೋಗಕ್ಕ ಕೊಟ್ರು, ಮೀಸಲಾತಿ ಪಟ್ಟಿ ಅಂದ್ರು, ಕೋರ್ಟ್ ಅಂದ್ರು. ಈ ಪಕ್ಷ ಇದ್ದಾಗ ಆ ಪಕ್ಷ ಚುನಾವಣಿ ಮಾಡ್ರಿ ಅಂತಿತ್ತು, ಆ ಪಕ್ಷ ಬಂದ ಮ್ಯಾಲೆ ಈ ಪಕ್ಷ ಅಂತೈತಿ. ಮೆಂಬರ್ ಇಲ್ದ ಪಂಚಾಯ್ತಿಯಾಗ ಆಡಳಿತಾಧಿಕಾರಿ ಕುಂತಾರ. ಹಂಗಾಗಿ ನಮ್ಮ ಹೊಸ ತಾಲೂಕಿನ್ಯಾಗ ತಾಲೂಕು ಪಂಚಾಯ್ತಿ ಸಲುವಾಗಿ ಒಬ್ಬರ ಬೆರಳಿಗೂ ಶಾಯಿ ಹತ್ತಿಲ್ಲ.

ಹೋದ ತಿಂಗಳ ಕಾಕಾನ ಹೊಲ ವಾಟ್ನಿ ಆಗ್ಬೇಕಿತ್ತು, ಅಂದ್ರ ಪಾಲು, ಅಳತಿಗೆ ಮೂಲ ಟಿಪ್ಪಣಿ ಅಂತ ಹಳೇ ಸರ್ವೇ ದಾಖಲೆ ಬೇಕು. ಚಿಗವ್ವ ಹೊಸ ಆಫೀಸಿಗೆ ಹೋದ್ಲು, 'ಯವ್ವಾ, ಹಳೇ ತಾಲೂಕಿಂದ ರೆಕಾರ್ಡ್ ಇನ್ನೂ ಬಂದಿಲ್ಲ' ಅಂದ್ರು. ಹಳೇದಕ್ಕ ಹೋದ್ಲು, 'ನಿಮ್ಮೂರ ಗಂಟು ಯಾವಾಗೋ ಕಳಿಸೀವಲ್ಲ' ಅಂದ್ರು, ಕಳಿಸಿದ ರಜಿಸ್ಟರ್ ಸುದ್ದಾ ತೋರ್ಸಿದ್ರು. ಆಕಿ ಮೂರ ಸಲ ಅಲ್ಲಿಂದಿಲ್ಲಿ ಅಡ್ಡಾಡಿ ಬಂದು ಕಟ್ಟಿ ಮ್ಯಾಲೆ ಕುಂತು ನೀರು ಕುಡದು ಹೇಳಿದ್ಲು, 'ಅಲ್ಲಿಂದ ಹೋಗೇತಿ, ಇಲ್ಲಿಗೆ ಬಂದಿಲ್ಲ, ಅಂದ್ರ ನಡುವ ಎಲ್ಲೋ ಐತಿ.'

ಕಾಕಾ ತಂಬಾಕ ತಿಕ್ಕೋತ ವಿಚಾರ ಮಾಡಿದಾ. ಅತ್ಲಾಗ ಇಂಡಿಯೋರು ಜಿಲ್ಲಾ ಬೇಕು ಅಂತಾರ, ಚಿಕ್ಕೋಡಿಯೋರು ಯಾವ ಕಾಲದಿಂದಾನೋ ಕೇಳಾಕತ್ಯಾರ. 'ತಮ್ಮಾ, ನಾವೂ ಒಂದು ಅರ್ಜಿ ಬರಿಯೂಣು' ಅಂದಾ.

'ಏನಂತ ಕಾಕಾ?'

'ಆ ನಡುವ ಕ್ರಾಸ್ ಐತಲ್ಲ, ಗಂಟು ಅಲ್ಲೇ ಬಿದ್ದಿರ್ಬೇಕು. ಅದಕ್ಕೊಂದು ತಾಲೂಕು ಕೊಡ್ರಿ ಅಂತ ಬರಿ. ಪೇಡೆ ನಾ ತರ್ತೀನಿ.'